ಮಂಡಿಯ ಜಗಲಿಯಲ್ಲಿ ಸೋತ ಕಾರ್ಡುಗಳು

...ಅಥವಾ ಅದು ಬೇಸಿಗೆ ರಜೆಯೇ ಅಲ್ಲವೇನೋ. ಸೆಕೆಯಿತ್ತು ಎಂದು ಬರೆಯಲು ಕೈ ತಾನಾಗಿ ಓಡುತ್ತದೆ. ಬಾಲ್ಯದ ಆಟಗಳೆಲ್ಲ ಬೇಸಿಗೆಯಲ್ಲೇ ನಡೆದವೆಂದು ನಾವೆಲ್ಲ ಮಾತಾಡಿಕೊಂಡ ಹಾಗಿದೆ. ಆದರೆ ಅಮ್ಮ ಆ ದಿನ ತಾನು ಪಾಠ ಮಾಡುತ್ತಿದ್ದ ಹಾರನಹಳ್ಳಿಯ ಶಾಲೆಯಿಂದ ಬಂದವಳು, ಕೈಚೀಲವನ್ನೂ ಕೆಳಗಿಡದೆ ಮತ್ತೆ ಹೊರಟದ್ದು ನನಗೆ ಕಾಣುತ್ತದೆ. ಅವಳಿಗೆ ಶಾಲೆಯಿತ್ತೆಂದರೆ ರಜೆಯಿರಲಿಲ್ಲ. ರಜೆಯಿಲ್ಲದೆ ಆಟದ ಜೊತೆಗಾರ ಲೋಕಿ ತನ್ನೂರು ಗಂಡಸಿಯಿಂದ ಬರುತ್ತಿರಲಿಲ್ಲ. ಎರಡರಲ್ಲಿ ಒಂದು ಸುಳ್ಳು. ಆಗಿನ ಕಾಲ ಎಂದಷ್ಟೇ ಹೇಳಿಬಿಡುತ್ತೇನೆ. ತೊಂಬತ್ತರ ದಶಕ ಮುಗಿಯುತ್ತಿತ್ತು, ಅರಸೀಕೆರೆಯ ಹುಡುಗರ ಜೇಬುಗಳಲ್ಲಿ ಗೋಲಿಗಳ ಜಾಗಕ್ಕೆ ಕುಸ್ತಿಪಟುಗಳ ಕಾರ್ಡು ಬಂದಿದ್ದವು.

ಒಂದೊಂದು ಕಾರ್ಡಿನ ಮೇಲೂ ಚಡ್ಡಿ ತೊಟ್ಟ ಒಬ್ಬ ದೈತ್ಯ. ಕೆಳಗೆ ಅವನ ಹೈಟು, ವೆಯ್ಟು, ಚೆಸ್ಟು. ಸರದಿಯವನು ತನ್ನ ಕಟ್ಟಿನ ಮೇಲಿನ ಕಾರ್ಡು ನೋಡಿ ಯಾವುದಾದರೊಂದನ್ನು ಕೂಗಬೇಕು. ಎಲ್ಲರೂ ತಮ್ಮ ಮೇಲಿನ ಕಾರ್ಡು ತೋರಿಸಬೇಕು. ಯಾರದು ಹೆಚ್ಚೋ ಅವನು ಅಷ್ಟನ್ನೂ ಬಾಚಿ ತನ್ನ ಕಟ್ಟಿನ ಅಡಿಗೆ ಸೇರಿಸುತ್ತಾನೆ, ಮುಂದಿನ ಕೂಗು ಅವನದೇ. ಸುಳ್ಳಾಟವಾದರೆ ಕೊನೆಗೆ ಅವರವರ ಕಾರ್ಡು ಅವರವರಿಗೆ. ನಿಜದಾಟವಾದರೆ ಸೋತವನು ಬರಿಗೈಯಲ್ಲಿ ಮನೆಗೆ.

ನನ್ನ ಕಟ್ಟನ್ನು ಅಮ್ಮ ತಂದಿದ್ದಳು, ನಾನು ಜ್ವರ ಬಂದು ಮಲಗಿದ್ದಾಗ. ಮಂಚದ ಮೇಲೆ ಕೂತು ನನ್ನ ಜೊತೆ ಆಡಿಯೂ ಇದ್ದಳು. ಕೂಗುವುದನ್ನು ಮರೆತು ಚಿತ್ರವನ್ನೇ ನೋಡುವಳು. "ಇವನಿಗೆ ಚಳಿ ಆಗಲ್ವೇನೋ, ಪಾಪ."

ಆಟ ನಡೆಯುತ್ತಿದ್ದುದು ನನ್ನ ಓರಗೆಯ ಮಂಜನ ಅಪ್ಪನ ಕೊಬ್ಬರಿ ಮಂಡಿಯ ಜಗಲಿಯಲ್ಲಿ. ಒಳಗಿನ ಚೀಲಗಳಿಂದ ಎಣ್ಣೆಗಟ್ಟಿದ ವಾಸನೆ. ಮಂಜನ ದೊಡ್ಡಪ್ಪನ ಮಗ ಲೋಕಿಯ ಬಾಯಲ್ಲಿ ಸದಾ ಕೊಬ್ಬರಿ, ಬೆಲ್ಲ. ನನಗೂ ಒಂದು ಚೂರು ಸಿಗುತ್ತಿತ್ತು. ಅದನ್ನು ಕೈಗೆ ಕೊಡುತ್ತಿದ್ದರೋ, ತುಸು ಮೇಲಿಂದ ಬಿಡುತ್ತಿದ್ದರೋ? ಆಗ ಗಮನಿಸಲಿಲ್ಲ. ಈಗ ಗಮನಿಸಲು ಹೋದರೆ ಚೂರು ಕಾಣುತ್ತದೆ, ಕೊಟ್ಟ ಕೈ ಕಾಣುವುದಿಲ್ಲ. ಆ ಜಗಲಿಯ ಬಗ್ಗೆ ಅಮ್ಮನದು ಒಂದೇ ಮಾತು: "ಕೂತ್ಕೊಂಡು ಆಡು. ಏನೂ ಕೇಳ್ಬೇಡ. ನೀರೂ ಕೇಳ್ಬೇಡ."

ನಾನು ಆಟದಲ್ಲಿ ಜಾಣ ಎಂದುಕೊಂಡಿದ್ದೆ. ಯಾರೂ ಕಟ್ಟನ್ನು ಕಲೆಸುತ್ತಿರಲಿಲ್ಲವಾದ್ದರಿಂದ ಅಡಿಗೆ ಹೋದ ಕಾರ್ಡು ಅದೇ ಸಾಲಿನಲ್ಲಿ ಮೇಲೆ ಬರುತ್ತದೆಂದು ಕಂಡುಕೊಂಡಿದ್ದೆ. ಯಾರ ಕೈಯಲ್ಲಿ ಈಗ ಯಾರಿದ್ದಾನೆಂದು ಬಹುಪಾಲು ಹೇಳಬಲ್ಲವನಾಗಿದ್ದೆ. ಅದಕ್ಕಿಂತ ದೊಡ್ಡ ಉಪಾಯ ಇನ್ನೊಂದಿತ್ತು. ಮೂವರ ಆಟದಲ್ಲಿ ಬಲಶಾಲಿಯನ್ನು ನೇರವಾಗಿ ಹೊಡೆಯಬಾರದು. ನನ್ನ ಕಾರ್ಡು ಸೋಲುವುದೇ ಆದರೆ ಅದು ಮಂಜನಿಗೆ ಹೋಗದೆ ಲೋಕಿಗೆ ಹೋಗುವಂತೆ ಕೂಗಬೇಕು. ಮಂದಬುದ್ಧಿಯ ಲೋಕಿ ಕೊಬ್ಬಲಿ, ಮಂಜ ಬಡವಾಗಲಿ. ಕೊನೆಗೆ ಉಳಿದ ಲೋಕಿಯನ್ನು ನುಂಗುವುದು ಎಷ್ಟರ ಕೆಲಸ.

ಆ ದಿನ ನಿಜದಾಟ. ಮಂಜನ ಕೈಯಲ್ಲಿ ನಾಲ್ಕೈದು ಕಾರ್ಡು ಉಳಿದಿದ್ದವು. ಕೂಗು ಲೋಕಿಯದು. ಅವನ ಮೇಲಿನ ಕಾರ್ಡು ಯಾವುದೆಂದು ನನಗೆ ಗೊತ್ತು, ಉದ್ದನೆಯ ಆಳು, ಹೈಟು ಎಂದರೆ ಮುಗಿಯಿತು. ಲೋಕಿ ಬೆಲ್ಲ ಚೀಪುತ್ತಾ ಹೇಳಿದ: "ಚೆಸ್ಟು." ಎಲ್ಲ ಮಂಜನಿಗೆ ಹೋಯಿತು. ಮುಂದೆ ಕೂಗು ಸಿಕ್ಕಾಗಲೂ ಹಾಗೆಯೇ ಮಾಡಿದ.

"ಹೈಟ್ ಇಟ್ಕೊಂಡು ಚೆಸ್ಟ್ ಯಾಕ್ಲಾ ಕೂಗ್ತೀಯ?" ಎಂದೆ.

"ನನ್ನಿಷ್ಟ ಕಣ್ಲಾ."

"ಎಲ್ಲ ಅವನಿಗೆ ಹೋಗ್ತೈತಲ್ಲೋ."

"ಹೋಗ್ಲಿ ಬಿಡು. ನಮ್ ಚಿಕ್ಕಪ್ಪನ ಮನೇಗೇ ತಾನೆ ಹೋಗೋದು."

ಮಂಜ ನಕ್ಕ. "ಚೆನ್ನಾಗಿ ಸಾಕ್ದೆ ಕಣೋ ಇವನ್ನ, ಮೇಡಮ್ಮೋರ ಮಗನೇ."

ಎಲ್ಲ ಕಾರ್ಡುಗಳ ಲೆಕ್ಕ ಇಟ್ಟವನು, ಎದುರು ಕೂತವರಿಬ್ಬರೂ ಒಂದೇ ಮನೆಯವರೆಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕೈ ಖಾಲಿಯಾಯಿತು.

ಆಮೇಲೆ ಅಮ್ಮ ಅಲ್ಲಿಗೆ ಹೋದಳು. ನಾನು ಎದುರಿನ ಲಾರಿಯ ಹಿಂದೆ ನಿಂತಿದ್ದೆ. ಅವಳು ಜಗಲಿ ಹತ್ತಲಿಲ್ಲ. "ಮೇಲಕ್ಕೆ ಬನ್ನಿ ಮೇಡಂ" ಎಂದು ಮಂಜನ ಅಪ್ಪ ಕರೆದರೆಂದು ಬಹಳ ವರ್ಷ ನೆನಪಿಟ್ಟುಕೊಂಡಿದ್ದೆ. ಅದನ್ನು ಅವರು ಹೇಳಿದರೋ, ನಾನೇ ಆಮೇಲೆ ಸೇರಿಸಿಕೊಂಡೆನೋ.

"ಸಾವ್ಕಾರ್ರೆ, ನಮ್ ಹುಡುಗನ ಕಾರ್ಡು ಇಲ್ಲೇ ಉಳ್ಕೊಂಡಿದಾವೆ. ಕೊಡಿಸಿದ್ರೆ ತಗೊಂಡು ಹೋಗ್ತೀನಿ."

"ಅಯ್ಯೋ, ಅಷ್ಟಕ್ಕೆ ನೀವ್ ಬರ್ಬೇಕಾ. ಏ ಮಂಜ, ಕೊಟ್ಬುಡ್ಲಾ."

"ಗೆದ್ದಿದ್ದು ಕಣಪ್ಪ."

"ಗೆದ್ದನಂತೆ. ಅಂಥೋರ ಹತ್ರ ಏನ್ಲಾ ಗೆಲ್ಲೋದು, ಕೊಡು."

ಅಮ್ಮ ಕೈಚೀಲದ ಬಾಯಿ ಅಗಲಿಸಿ ಹಿಡಿದಳು. ಮಂಜ ಜಗಲಿಯ ಅಂಚಿಗೆ ಬಂದು ಮೇಲಿಂದ ಕಾರ್ಡುಗಳನ್ನು ಸುರಿದ. ಎರಡೋ ಮೂರೋ ಹೊರಗೆ ಬಿದ್ದವು. ಅವಳು ಬಗ್ಗಿ ಆರಿಸಿಕೊಂಡಳು.

ಮುಂದೆ ಆ ಹುಡುಗರು ನನ್ನನ್ನು ನಿಜದಾಟಕ್ಕೆ ಸೇರಿಸಲಿಲ್ಲ. "ಬ್ಯಾಡಪ್ಪ, ನಿಮ್ಮಮ್ಮ ಬತ್ತಾರೆ," ಎನ್ನುತ್ತಿದ್ದ ಲೋಕಿ. ನಾನು ಅತ್ತ ಹೋಗುವುದನ್ನೇ ಬಿಟ್ಟೆ. ಆ ಕಾರ್ಡುಗಳನ್ನು ಮತ್ತೆ ಮುಟ್ಟಲಿಲ್ಲ. ಹೈಸ್ಕೂಲು ಮುಗಿಯುವವರೆಗೂ ಅಮ್ಮನ ಜೊತೆ ಆ ಬೀದಿಯಲ್ಲಿ ನಡೆಯಬೇಕಾಗಿ ಬಂದರೆ ಹತ್ತು ಹೆಜ್ಜೆ ಹಿಂದೆ ಉಳಿಯುತ್ತಿದ್ದೆ. ನನ್ನ ಮಾನ ಕಳೆದವಳು ಅವಳೇ ಎಂದು ಆಗ ನಂಬಿದ್ದೆ.

ಕಳೆದ ವರ್ಷ ಅಕ್ಕನಿಗೆ ಇದನ್ನು ಹೇಳಿದೆ. ಅವಳು ಹೂಕೋಸು ಬಿಡಿಸುತ್ತಿದ್ದವಳು ತಲೆಯೆತ್ತಿದಳು.

"ನೀನೇ ಅಲ್ವೇನೋ ಕಳ್ಸಿದ್ದು? ಊಟ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದ್ದೆ. ಅಲ್ಲಿ ಹೋಗಿ ಕೇಳೋಕಾಗಲ್ಲ ಕಣೋ, ಬೇರೆ ತಂದ್ಕೊಡ್ತೀನಿ ಅಂದ್ಲು ಅಮ್ಮ. ಅವೇ ಬೇಕು ಅಂದೆ."

ಹಾಗಿದ್ದರೆ ಕೆಳಗಿಡದ ಆ ಕೈಚೀಲ? ಬಂದವಳೇ ಹಾಗೇ ಹೊರಟದ್ದು? ಅಕ್ಕ ಮತ್ತೆ ಹೂಕೋಸಿಗೆ ಬಗ್ಗಿದಳು. ಅವಳೂ ಆಗ ಚಿಕ್ಕವಳೇ. ಆದರೆ ಅವಳ ಮಾತು ಕೇಳಿದಾಗಿನಿಂದ ಗೋಡೆಯ ಸುಣ್ಣದ ತಣುಪು ನನ್ನ ಹಣೆಗೆ ತಾಗುತ್ತದೆ. ಇದು ನೆನಪೋ, ಅವಳು ಹೇಳಿದ್ದರಿಂದ ಹುಟ್ಟಿದ್ದೋ.

ಆ ಮಂಡಿಗೆ ಈಗ ಶಟರ್ ಬಂದಿದೆ. ರಸ್ತೆ ಅಗಲ ಮಾಡುವಾಗ ಜಗಲಿ ಒಡೆದರು. ಅದಕ್ಕಾಗಿ ನನಗೆ ದುಃಖವಿಲ್ಲ. ಅಮ್ಮ ನಿವೃತ್ತಳಾದ ಮೇಲೆ ಎಷ್ಟೋ ಸಂಜೆ ನಾವಿಬ್ಬರೇ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿದಿದ್ದೇವೆ. ಆ ದಿನದ ಬಗ್ಗೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲು ನಾಚಿಕೆಯಾಯಿತು, ಮಾತು ಬೇರೆಡೆಗೆ ಹೊರಳಿಸಿದೆ. ಈಗ ಅವಳಿಲ್ಲ. ಆ ದಿನ ಮಂಡಿಗೆ ಅವಳು ತಾನಾಗಿ ಹೋದಳೋ, ನಾನು ಹಟ ಹಿಡಿದು ಕಳಿಸಿದೆನೋ, ನನಗೆ ಗೊತ್ತಿಲ್ಲ.