ಅಮ್ಮನ ಬಲಗಡೆಯ ಹೃದಯ

ಕಣ್ಣಿನ ಪೊರೆ ತೆಗೆಸುವ ಮುಂಚೆ ಅಮ್ಮನಿಗೆ ಇಸಿಜಿ ಬೇಕೆಂದರು. ಯಲಹಂಕದ ಸಣ್ಣ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಇಸಿಜಿ ತೆಗೆದ ನರ್ಸ್ ಕಾಗದ ನೋಡಿ ಹುಬ್ಬು ಗಂಟಿಕ್ಕಿ, ವೈರುಗಳನ್ನು ಕಿತ್ತು ಮತ್ತೆ ಅಂಟಿಸಿದರು. ಆಗಲೂ ಗೆರೆ ತಲೆಕೆಳಗೇ. ಡಾಕ್ಟರು ಬಂದು ಸ್ಟೆತಸ್ಕೋಪನ್ನು ಮೆಲ್ಲಗೆ ಬಲಗಡೆಗೆ ಸರಿಸಿದರು. ಆಮೇಲೆ ಸ್ಕ್ಯಾನ್. ಅಮ್ಮನ ಹೃದಯ ಬಲಗಡೆ ಇತ್ತು, ಲಿವರ್ ಎಡಗಡೆ.

"ತೊಂದ್ರೆ ಏನಿಲ್ಲಮ್ಮ, ಹುಟ್ಟಿದಾಗಿಂದ ಹಿಂಗೇ ಇದೆ" ಎಂದರು ಡಾಕ್ಟರು.

"ನಂಗ್ಯಾವಾಗ್ಲೂ ಈ ಕಡೇನೇ ಒಡ್ಕೊಳ್ಳೋದು. ಎಲ್ಲಾರ್ಗೂ ಇಂಗೇ ಅನ್ಕೊಂಡಿದ್ದೆ" ಅಂದಳು ಅಮ್ಮ.

ಬೆಚ್ಚಿದವಳು ನಾನು. ಜಕ್ಕೂರಿನ ಹತ್ತಿರದ ಪ್ರಯೋಗಾಲಯವೊಂದರಲ್ಲಿ, ಮೀನಿನ ಭ್ರೂಣಕ್ಕೆ ಎಡ ಬಲ ಹೇಗೆ ತಿಳಿಯುತ್ತದೆ ಎಂದು ಹುಡುಕುವುದೇ ನನ್ನ ಕೆಲಸ. ಹೆತ್ತವಳ ಎದೆಯ ಮೇಲೆ ತಲೆಯಿಟ್ಟು ಬೆಳೆದರೂ ಗೊತ್ತಾಗಿರಲಿಲ್ಲ.

ಆಟೋದಲ್ಲೇ ಅಮ್ಮನ ಪ್ರಶ್ನೆ ಶುರುವಾಯಿತು. "ಎಡಗಡೀಕೆ ಓಗು ಅಂತ ಗುಂಡ್ಗೇಗೆ ಯಾರ್ ಯೋಳ್ತಾರೆ?"

"ಕಣ್ಣು ಸರಿಹೋಗ್ಲಿ, ತೋರಿಸ್ತೀನಿ" ಎಂದೆ.

ಆಪರೇಷನ್ ಸಲೀಸಾಗಿ ಆಯಿತು. ಕಣ್ಣು ವಾಸಿಯಾದ ಮೇಲೆ ಅಮ್ಮನನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಗಾಜಿನಷ್ಟು ತಿಳಿಯಾದ ಭ್ರೂಣದೊಳಗೆ ಸಾಸಿವೆಗಿಂತ ಚಿಕ್ಕ ಹೃದಯ ಮಿಡಿಯುತ್ತಿತ್ತು.

ನನಗೆ ತಿಳಿದಷ್ಟು ಹೇಳಿದೆ. ಮೊದಲು ಎರಡು ಪಕ್ಕವೂ ಒಂದೇ ಥರ. ಬಾಲ ಮೂಡುವ ಕಡೆ ಒಂದು ಪುಟ್ಟ ಗುಳ್ಳೆ, ಅದರೊಳಗೆ ಕೂದಲಿನಂಥ ಎಳೆಗಳು ಗಿರಗಿರ ಸುತ್ತಿ ದ್ರವವನ್ನು ಎಡಕ್ಕೆ ತಳ್ಳುತ್ತವೆ. ಆಗ ಎಡಗಡೆಯ ಜೀವಕೋಶಗಳು ಮಾತ್ರ ಒಂದು ಪ್ರೋಟೀನನ್ನು ಹೊರಬಿಡುತ್ತವೆ. ಅದು ತಾಕಿದ ಪಕ್ಕದ ಕೋಶ ತಾನೂ ಅದನ್ನೇ ತಯಾರಿಸುತ್ತದೆ. ಹೀಗೆ 'ಇದು ಎಡ' ಎಂಬ ಸುದ್ದಿ ತಲೆಯ ಕಡೆಗೆ ಸಾಗುತ್ತದೆ. ಬಲಕ್ಕೆ ದಾಟದಂತೆ ನಡುವೆ ಇನ್ನೊಂದು ಪ್ರೋಟೀನ್ ತಡೆಯುತ್ತದೆ. ಆ ಸುದ್ದಿ ಮುಟ್ಟಿದ ಮೇಲೆ ಹೃದಯದ ಕೊಳವೆ ಎಡಕ್ಕೆ ವಾಲುತ್ತದೆ.

"ಮನುಷ್ರಲ್ಲೂ ಇಂಗೇನಾ?"

"ಹೆಚ್ಚುಕಮ್ಮಿ ಹಿಂಗೇ ಅಮ್ಮ."

"ಮತ್ತೆ ನಂದು? ಕೂದ್ಲು ಸುತ್ತಲೇ ಇಲ್ವೋ, ಉಲ್ಟಾ ಸುತ್ತುದ್ವೋ?"

"ಗೊತ್ತಿಲ್ಲ. ಸುತ್ತದೇ ಹೋದ್ರೆ ಹೃದಯ ಎಡಕ್ಕಾದ್ರೂ ಹೋಗ್ಬಹುದು, ಬಲಕ್ಕಾದ್ರೂ ಹೋಗ್ಬಹುದು."

ಇನ್ನೊಂದು ತಟ್ಟೆಯಲ್ಲಿ, ಹೃದಯ ಬಲಕ್ಕೆ ವಾಲಿದ ಭ್ರೂಣವೊಂದಿತ್ತು. ಅದನ್ನು ತೋರಿಸಿದೆ. ಅಮ್ಮ ಬಹಳ ಹೊತ್ತು ಕಣ್ಣು ಕೀಳಲಿಲ್ಲ. "ಪಾಪ, ಇದುಕ್ಕೂ ಗೊತ್ತಿಲ್ಲ ನೋಡು, ತನ್ ಪಾಡಿಗೆ ಒಡ್ಕೊಳ್ತೈತೆ" ಎಂದು ನಕ್ಕಳು. ಆಮೇಲೆ ನನ್ನೆದೆಯ ಮೇಲೆ ಅಂಗೈಯಿಟ್ಟು ನೋಡಿದಳು. ನನ್ನದು ಎಡಗಡೆಯೇ ಇತ್ತು.

ಹೊರಗೆ ಬಂದದ್ದೇ ಅಮೃತಹಳ್ಳಿಯಲ್ಲಿರುವ ತನ್ನ ತಂಗಿಗೆ ಫೋನು ಹಚ್ಚಿದಳು.

"ಏ, ಎದೆ ಮ್ಯಾಲೆ ಕೈ ಇಟ್ಟು ನೋಡೇ. ನಿಂದು ಯಾವ್ ಕಡೀಕೈತೆ?"