ಐವತ್ತನಾಲ್ಕು ಮೆಟ್ಟಿಲ ದಂಡಯಾತ್ರೆ

ನಮ್ಮ ಬೀದಿಯ ಬಡಗಿ ಸಿಳ್ಳೆ ಹಾಕಿದರೆ ಕಾಗೆಗಳು ದಾರಿ ಬದಲಿಸುತ್ತಿದ್ದವು ಎಂದು ಹೇಳುವವರಿದ್ದಾರೆ. ಶುದ್ಧ ಸುಳ್ಳು. ಕಾಗೆಗಳು ದಾರಿ ಬದಲಿಸುತ್ತಿರಲಿಲ್ಲ, ತಂತಿಯ ಮೇಲೆ ಸಾಲಾಗಿ ಕೂತು ಕೇಳುತ್ತಿದ್ದವು. ತೊಟ್ಟಿಲ ಕೂಸು ಅಳು ನುಂಗಿದ್ದು, ಮೂಲೆಯ ದರ್ಜಿಯ ಹೊಲಿಗೆ ಯಂತ್ರ ತಾನಾಗಿ ತಾಳ ಹಿಡಿದದ್ದು, ಕಿತ್ತಾಡುತ್ತಿದ್ದ ಅತ್ತೆ ಸೊಸೆ ಜಗಳದ ಕಾರಣವನ್ನೇ ಮರೆತು ಒಟ್ಟಿಗೆ ಬಟ್ಟೆ ಹಿಂಡಿದ್ದು, ಇವೆಲ್ಲ ಕಣ್ಣಾರೆ ಕಂಡ ಸಂಗತಿಗಳು. ಕಂಡವರು ಯಾರು ಎಂದು ಮಾತ್ರ ಕೇಳಬಾರದು.

ಆ ಸಿಳ್ಳೆಗೂ ಒಂದು ಶಾಸ್ತ್ರವಿತ್ತು. ಗಟ್ಟಿ ಮರಕ್ಕೆ ನಿಧಾನದ ರಾಗ, ಮೆದು ಮರಕ್ಕೆ ಓಟದ ರಾಗ, ಉಪ್ಪುಕಾಗದ ಹಾಕಿ ತಿಕ್ಕುವಾಗ ಮುಗಿಯದ ಒಂದೇ ಎಳೆ. ಎದುರು ಕಟ್ಟಡದ ಮೂರನೆಯ ಮಹಡಿಯಲ್ಲಿದ್ದ ಅವನ ಅಕ್ಕ ಕಿಟಕಿಯಿಂದ ಇಣುಕದೆಯೇ, ‘ಇವತ್ತು ಬಾಗಿಲು ಮಾಡ್ತಿದಾನೆ, ಕೀಲು ಸರಿಯಾಗಿ ಕೂತಿಲ್ಲ’ ಎಂದು ಹೇಳಿಬಿಡುತ್ತಿದ್ದಳು. ಹೇಳದೆ ಏನು? ಅವನಿಗೆ ಸಿಳ್ಳೆ ಕಲಿಸಿದವಳೇ ಆಕೆ. ಹುಡುಗಿ ಸಿಳ್ಳೆ ಹಾಕುತ್ತಾಳೆಂದು ತಾಯಿಯ ಕೈಯಲ್ಲಿ ಬೆನ್ನು ಬಾಸುಂಡೆ ಮಾಡಿಕೊಂಡದ್ದು ಅಕ್ಕ, ಹೆಸರು ಹೊಡೆದುಕೊಂಡದ್ದು ತಮ್ಮ. ಅರವತ್ತೆರಡು ವರ್ಷದ ಆ ತಮ್ಮನನ್ನು ಆಕೆ ಈಗಲೂ ಕರೆಯುವುದು ‘ಪುಟ್ಟ’ ಎಂದು. ಪುಟ್ಟನ ತಲೆಯಲ್ಲಿ ಒಂದು ಕರಿಕೂದಲೂ ಇಲ್ಲ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿ ಎಂದು ಹೆಂಡತಿ ವರ್ಷಗಟ್ಟಲೆ ಗೋಗರೆದಳು. ಆದರೆ ಬಾಯಿ ಮುಚ್ಚಿ ಸಿಳ್ಳೆ ಹಾಕಿದ ವೀರ ಎಲ್ಲಾದರೂ ಉಂಟೆ? ನಲವತ್ತು ವರ್ಷ ಅವನು ಬಾಯಿ ತೆರೆದುಕೊಂಡೇ ಮರ ಕೀಸಿದ. ಮರವೇನು ಕೈಕಟ್ಟಿ ಕೂತಿರಲಿಲ್ಲ, ಒಳಗೊಳಗೇ ಅದೂ ಅವನನ್ನು ಕೀಸುತ್ತಿತ್ತು. ಒಂದು ದಿನ ರಾಗದ ಮಧ್ಯೆ ಕೆಮ್ಮು ಬಂತು. ಆಮೇಲೆ ಕೆಮ್ಮಿನ ಮಧ್ಯೆ ರಾಗ ಬರತೊಡಗಿತು. ಆಮೇಲೆ ಕೆಮ್ಮು ಮಾತ್ರ. ಶ್ವಾಸಕೋಶ ಹಳೇ ಜರಡಿಯ ಹಾಗಾಗಿದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಿ ಎಂದರು ಡಾಕ್ಟರು. ಹುಡಿ ಏಳುವ ಕೆಲಸ ಬಂದ್. ಮನೆ ಮುಂದಿನ ಅಂಗಡಿಯ ಒಂದು ಬಾಗಿಲು ಮುಚ್ಚಿತು. ಇನ್ನೊಂದನ್ನು ಅವನು ಕೂತು ಬೀದಿ ನೋಡಲೆಂದು ತೆರೆದಿಟ್ಟರು.

ಅದೇ ವರ್ಷ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಲಿಫ್ಟಿಲ್ಲದ ಕಟ್ಟಡ. ಐವತ್ತನಾಲ್ಕು ಮೆಟ್ಟಿಲು, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು, ಅಷ್ಟು ಇಕ್ಕಟ್ಟು. ಆಕೆಯ ಮಗ, ಬಸ್ ಕಂಡಕ್ಟರ್, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತೇನೆಂದ. ‘ನನ್ನ ಹೊತ್ತು ಇಳಿಸೋದು ಒಂದೇ ಸಲ. ಅವಸರ ಮಾಡಬೇಡ’ ಎಂದಳು ತಾಯಿ. ಹಾಗಾದರೆ ಮಾವನನ್ನೇ ಹತ್ತಿಸುತ್ತೇನೆಂದ. ‘ಆ ಕುರ್ಚಿ ಮಾಡಿದ್ದು ನಾನು ಕಣೋ. ಎಷ್ಟು ತಡಿಯುತ್ತೆ ಅಂತ ನಂಗೊತ್ತು’ ಎಂದ ಮಾವ. ಇಬ್ಬರೂ ಒಂದೇ ಹೊಟ್ಟೆಯವರು, ಮೊಂಡುತನವನ್ನು ಸಮಪಾಲು ಹಂಚಿಕೊಂಡವರು.

ಹೀಗೆ ಇಪ್ಪತ್ತಡಿ ಅಗಲದ ಬೀದಿಯ ಆಚೆ ಈಚೆ ಒಂದು ವರ್ಷ ಕಳೆಯಿತು. ಆಕೆ ಮೇಲೆ ಕಿಟಕಿಯಲ್ಲಿ, ಇವನು ಕೆಳಗೆ ಬಾಗಿಲಲ್ಲಿ. ಆಕೆ ಕೂಗುತ್ತಿದ್ದಳು, ಇವನಿಗೆ ತಿರುಗಿ ಕೂಗಲು ಉಸಿರಿಲ್ಲ, ಕೈಸನ್ನೆ ಮಾಡುತ್ತಿದ್ದ.

‘ಊಟ ಆಯ್ತೇನೋ ಪುಟ್ಟ?’

ಕೈ ಹೊಟ್ಟೆಯ ಮೇಲೆ.

‘ಮಾತ್ರೆ?’

ಕೈ ಹಣೆಯ ಮೇಲೆ.

‘ಹಣೆ ಚಚ್ಕೋಬೇಡ, ನುಂಗು!’

ಇಡೀ ಬೀದಿಗೆ ಉಚಿತ ನಾಟಕ. ಒಂದು ಬೆಳಿಗ್ಗೆ ಕಿಟಕಿ ತೆರೆಯಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಕಂಡಕ್ಟರ್ ಡ್ಯೂಟಿ ಮುಗಿಸಿ ಬಂದವನು, ಟಿಕೆಟ್ ಚೀಲವನ್ನೂ ಇಳಿಸದೆ ಅಂಗಡಿಯ ಮುಂದೆ ನಿಂತ.

‘ಅಮ್ಮಂಗೆ ಎದ್ದು ಕೂರೋಕೆ ಆಗ್ತಿಲ್ಲ ಮಾವ. ಊಟನೂ ಬೇಡ ಅಂತಾಳೆ. ಪುಟ್ಟ ಯಾಕೆ ಬರ್ತಿಲ್ಲ, ಪುಟ್ಟ ಯಾಕೆ ಬರ್ತಿಲ್ಲ, ಅದೊಂದೇ.’

ಬಡಗಿ ಎದುರಿನ ಕಟ್ಟಡವನ್ನು ಬುಡದಿಂದ ತುದಿಯವರೆಗೆ ನೋಡಿದ. ಕೋಟೆಯನ್ನು ಸೇನಾಪತಿ ನೋಡುವ ಹಾಗೆ ಎಂದು ಬರೆಯಲು ನನಗೂ ಆಸೆ. ನಿಜಕ್ಕೂ ನೋಡಿದ್ದು, ಮುರಿದ ಮಂಚವನ್ನು ರಿಪೇರಿಗೆ ತಂದಾಗ ನೋಡುತ್ತಾರಲ್ಲ, ಹಾಗೆ.

ಮರುದಿನವೇ ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದ. ಅಲ್ಲಿ ಉಸಿರಿನ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವ ಒಬ್ಬಳು ತರುಣಿ ಇದ್ದಳು. ರೋಗಿಗಳೆಲ್ಲ ಆಕೆಯನ್ನು ಟೀಚರಮ್ಮ ಎನ್ನುತ್ತಿದ್ದರು. ಆಕೆ ಡಾಕ್ಟರ ಚೀಟಿ ಓದಿ, ಬೆರಳಿಗೆ ಯಂತ್ರ ಸಿಕ್ಕಿಸಿ, ಅವನನ್ನು ವರಾಂಡದಲ್ಲಿ ನಡೆಸಿ ನೋಡಿದಳು.

‘ಏನು ಮಾಡಬೇಕು ಅಂತಿದೀರಿ?’

‘ಐವತ್ತನಾಲ್ಕು ಮೆಟ್ಟಿಲು ಹತ್ತಬೇಕು ತಾಯಿ.’

‘ಯಾವಾಗ?’

‘ನಾಳೆ.’

ಟೀಚರಮ್ಮ ನಗಲಿಲ್ಲ. ಮೊದಲು ಎರಡು ನಿಮಿಷ ಸಮನೆಲದಲ್ಲಿ ನಡೆಯುವುದು ಎಂದಳು. ಡಾಕ್ಟರು ಹೇಳಿದ ಉಸಿರಿನ ಔಷಧಿಯ ಪಂಪನ್ನು ಹೊರಡುವ ಮೊದಲು ಎಳೆದುಕೊಳ್ಳುವುದು, ಜೇಬಿನಲ್ಲೂ ಇಟ್ಟುಕೊಳ್ಳುವುದು. ನಡೆಯುವಾಗ ಏದುಸಿರು ಬರಲಿ, ಪರವಾಗಿಲ್ಲ, ಆದರೆ ಪಕ್ಕದವರ ಜೊತೆ ಮಾತಾಡಲು ಆಗುತ್ತಿರಬೇಕು. ಮಾತು ತುಂಡಾಯಿತೋ, ನಿಲ್ಲು. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ಮುಗಿಸಿ ಡಾಕ್ಟರಿಗೆ ಫೋನ್ ಮಾಡು. ಕಫ ಹೆಚ್ಚಾದ ದಿನ ಅರ್ಧ ನಡೆ, ಇಲ್ಲವೇ ನಡೆಯಲೇ ಬೇಡ.

‘ಮೂಗಲ್ಲಿ ಎಳ್ಕೊಳ್ಳಿ. ತುಟಿ ಚೂಪು ಮಾಡಿ ನಿಧಾನ ಬಿಡಿ. ಸಿಳ್ಳೆ ಹಾಕ್ತಾರಲ್ಲ, ಹಾಗೆ. ಸದ್ದು ಬರಬಾರದು, ಅಷ್ಟೆ. ನಿಮಗೆ ಸಿಳ್ಳೆ ಹಾಕೋಕೆ ಬರುತ್ತಾ?’

ಹೆಂಡತಿ ಮುಖ ತಿರುಗಿಸಿಕೊಂಡಳು. ಬಡಗಿ ‘ಸುಮಾರಾಗಿ’ ಎಂದ.

ದಂಡಯಾತ್ರೆ ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ ಹೆಂಡತಿ ಪಕ್ಕದಲ್ಲಿ, ಪಂಪು ಜೇಬಿನಲ್ಲಿ, ಎಂದಿನ ಪೆನ್ಸಿಲು ಕಿವಿಯ ಮೇಲೆ. ಎರಡು ನಿಮಿಷಕ್ಕೆ ಎಲ್ಲಿ ಮುಟ್ಟಿದನೋ ಅಲ್ಲಿ ಗೋಡೆಯ ಮೇಲೆ ಒಂದು ಗೆರೆ. ಮರುದಿನ ಒಂದು ಗೇಣು ಮುಂದೆ ಇನ್ನೊಂದು ಗೆರೆ. ಮೂರು ವಾರದಲ್ಲಿ ಗೆರೆಗಳು ಹಿಟ್ಟಿನ ಗಿರಣಿ ದಾಟಿ ದರ್ಜಿಯ ಅಂಗಡಿಯವರೆಗೆ ಹಬ್ಬಿದವು. ದರ್ಜಿ ತಲೆ ಹೊರಹಾಕಿ, ‘ಮೇಸ್ತ್ರಿ, ನನ್ನ ಗೋಡೆ ಕೊಯ್ಯೋ ಪ್ಲಾನಾ?’ ಎಂದ. ಬಡಗಿ ಪೂರ್ತಿ ಒಂದು ವಾಕ್ಯ ಬೈದ, ನಡುವೆ ಉಸಿರು ತೆಗೆದುಕೊಳ್ಳದೆ. ಹೆಂಡತಿಗೆ ಅಂದು ಹಬ್ಬ.

ಆದರೆ ಆ ಗೆರೆಯೇ ಮುಳುವಾಯಿತು. ಬಡಗಿಗೆ ಗೆರೆ ಎಂದರೆ ಆಣೆ. ಮರ ಗೆರೆಗಿಂತ ಉದ್ದವಾದರೆ ಕೀಸಬಹುದು, ಗಿಡ್ಡವಾದರೆ ಸೌದೆ. ನಲವತ್ತು ವರ್ಷದಲ್ಲಿ ಒಂದು ಹಲಗೆಯನ್ನೂ ಅವನು ಗಿಡ್ಡ ಕೊಯ್ದವನಲ್ಲ. ಅದೊಂದು ಬೆಳಿಗ್ಗೆ ಚಳಿ ಕೊರೆಯುತ್ತಿತ್ತು, ಕಫ ಹಳದಿಗೆ ತಿರುಗಿತ್ತು, ಪೈಪಿಗಾಗಿ ರಸ್ತೆ ಅಗೆದು ಧೂಳೆದ್ದಿತ್ತು.

‘ಇವತ್ತು ಬೇಡ ಕಣ್ರೀ. ಗಿರಣಿಯಿಂದಲೇ ತಿರುಗೋಣ.’

‘ನಿನ್ನೆ ಅಲ್ಲಿವರೆಗೆ ಗೆರೆ ಹಾಕಿದೀನಿ.’

‘ಟೀಚರಮ್ಮ ಅರ್ಧ ಸಾಕು ಅಂದಿದ್ರಲ್ಲ.’

‘ಅವಳು ಒಂದು ಸ್ಟೂಲು ಮಾಡಿದಾಳಾ?’

ಗೆರೆ ಮುಟ್ಟಿದ. ಅದನ್ನು ದಾಟಿ ಒಂದು ಗೇಣು ಹೊಸ ಗೆರೆಯನ್ನೂ ಎಳೆದ. ಆ ಗೆರೆ ಅರ್ಧಕ್ಕೇ ಸೊಟ್ಟಗಾಗಿ ನೆಲದ ಕಡೆ ಇಳಿದಿದೆ. ದರ್ಜಿಯ ಗೋಡೆಯ ಮೇಲೆ ಈಗಲೂ ನೋಡಬಹುದು. ನಮ್ಮ ಬೀದಿಯಲ್ಲಿ ಅವನು ಎಳೆದ ಒಂದೇ ಒಂದು ಸೊಟ್ಟ ಗೆರೆ ಅದು. ದರ್ಜಿಯೇ ಅವನನ್ನು ಎತ್ತಿಕೊಂಡು ಆಟೋ ಹತ್ತಿಸಿದ. ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ಇಪ್ಪತ್ತಮೂರು ದಿನ. ಮೂಗಿಗೆ ಕೊಳವೆ, ಕೈಗೆ ಸೂಜಿ, ಗೋಡೆಗೆ ಗಡಿಯಾರ. ಅಷ್ಟರಲ್ಲಿ ಬೀದಿಯ ಆಚೆ ಬದಿಯಲ್ಲಿ ಅಕ್ಕನ ಕಣ್ಣು ಮಂಜಾಯಿತು. ಮೊದಲು ಗೋಡೆಯ ಗಡಿಯಾರ ಕಾಣದಾಯಿತು, ಆಮೇಲೆ ಮಗನ ಮುಖ. ಬಂದು ನೋಡಿದ ಡಾಕ್ಟರು ಕಂಡಕ್ಟರನನ್ನು ಹೊರಗೆ ಕರೆದು ಮಾತಾಡಿದರು. ಹೊರಗೆ ಕರೆದು ಆಡುವ ಮಾತು ಎಂಥದೆಂದು ಎಲ್ಲರಿಗೂ ಗೊತ್ತು.

ಟೀಚರಮ್ಮ ವಾರ್ಡಿಗೆ ಬಂದಾಗ ಬಡಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

‘ಗಿಡ್ಡ ಕೊಯ್ಯಬಾರದು ಅಂತ...’ ಎಂದ. ಉಳಿದದ್ದಕ್ಕೆ ಉಸಿರು ಸಾಲಲಿಲ್ಲ.

ಹೆಂಡತಿ ಗೆರೆಯ ಕಥೆ ಹೇಳಿದಳು. ಟೀಚರಮ್ಮ ಸ್ಟೂಲೆಳೆದು ಮಂಚದ ಪಕ್ಕ ಕೂತಳು.

‘ಮರದ ಲೆಕ್ಕ ನಂಗೆ ಗೊತ್ತಿಲ್ಲ ಮೇಸ್ತ್ರಿ. ಉಸಿರಲ್ಲಿ ಅದು ತಿರುವು ಮುರುವು. ಕಮ್ಮಿಯಾದ್ರೆ ನಾಳೆ ಸೇರಿಸಬಹುದು. ಹೆಚ್ಚಾಗಿದ್ದನ್ನ ಕೀಸೋಕಾಗಲ್ಲ.’

ಬಡಗಿ ಈ ಕಡೆ ತಿರುಗಿದ. ಮೂರು ದಿನದ ಮೇಲೆ ಅಂದು ಗಂಜಿ ಕುಡಿದ.

ಮನೆಗೆ ಬಂದಮೇಲೆ ಡಾಕ್ಟರು ಸರಿ ಎನ್ನುವವರೆಗೆ ಹೊಸ್ತಿಲು ದಾಟಲಿಲ್ಲ. ಪೆನ್ಸಿಲನ್ನು ಹೆಂಡತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಕೈ ಸುಮ್ಮನೆ ಕಿವಿಯ ಮೇಲೆ ಹೋಗಿ ಬರಿದೇ ಇಳಿಯುವುದನ್ನು ನೋಡಿ ಆಕೆಗೆ ಅಳು ಬಂತಂತೆ, ಆದರೂ ಬೀಗ ತೆಗೆಯಲಿಲ್ಲ. ಮತ್ತೆ ಒಂದು ನಿಮಿಷದಿಂದ ಶುರು. ಮನೆಯೊಳಗೇ, ಅಡುಗೆಮನೆಯಿಂದ ಬಾಗಿಲವರೆಗೆ. ಆಮೇಲೆ ಎದುರು ಕಟ್ಟಡದ ಮೊದಲ ಮೆಟ್ಟಿಲು, ಅದೊಂದನ್ನೇ ಹತ್ತಿ ಇಳಿಯುವುದು, ಕಾಲು ಎತ್ತುವಾಗ ಉಸಿರು ಬಿಡುವುದು, ನಿಂತು ಎಳೆದುಕೊಳ್ಳುವುದು. ಕೆಟ್ಟ ದಿನ ಬಂದರೆ ಮೆಟ್ಟಿಲ ಮುಂದೆ ಹೋಗಿ ನಿಂತು, ನೋಡಿ, ವಾಪಸ್ಸು. ಲೋಕದಲ್ಲಿ ಅದಕ್ಕಿಂತ ಕಷ್ಟದ ವ್ಯಾಯಾಮ ಇರಲಿಕ್ಕಿಲ್ಲ. ಮೇಲಿನಿಂದ ಯಾರೂ ಕೂಗುತ್ತಿರಲಿಲ್ಲ. ಕಿಟಕಿ ಮುಚ್ಚಿಯೇ ಇತ್ತು. ಕೊನೆಗೆ ಟೀಚರಮ್ಮ ತಾನೇ ಬಂದು ಹತ್ತು ಮೆಟ್ಟಿಲು ಹತ್ತಿಸಿ, ಬೆರಳಿನ ಯಂತ್ರ ನೋಡಿ, ‘ಅರ್ಧ ದಿನ ಹಿಡಿದ್ರೂ ಹಿಡೀಲಿ, ಕೂತು ಕೂತು ಹೋಗಿ’ ಎಂದಳು.

ಆ ಭಾನುವಾರ ಕಂಡಕ್ಟರ್ ಮಾವನ ಅಂಗಡಿಯಿಂದ ಐದು ಸ್ಟೂಲು ಹೊತ್ತು ಮೆಟ್ಟಿಲ ತಿರುವು ತಿರುವಿಗೂ ಒಂದೊಂದು ಇಟ್ಟ. ಗೆದ್ದ ನಾಡಿನಲ್ಲಿ ರಾಜರು ಠಾಣೆ ಹಾಕಿದಂತೆ. ಬಡಗಿ ಪಂಪು ಎಳೆದುಕೊಂಡು, ಬಾಯಿ ಮುಕ್ಕಳಿಸಿ, ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಹಿಂದೆ ಹೆಂಡತಿ, ಮುಂದೆ ಕಂಡಕ್ಟರ್.

‘ಮೊದಲನೇ ಸ್ಟಾಪ್! ಇಳಿಯೋರು ಇಳೀರಿ!’

‘ನಿನ್ನ ಬಸ್ಸು... ಇಷ್ಟು ನಿಧಾನ ಹೋದ್ರೆ... ಜನ ಹೊಡೀತಾರೆ.’

‘ಮೂರು ಕಂತಲ್ಲಿ ಮಾತಾಡಿದ್ರಿ ಮಾವ. ಇನ್ನೂ ಎರಡು ನಿಮಿಷ ಕೂತ್ಕೊಳ್ಳಿ.’

ಸ್ಟೂಲಿನಿಂದ ಸ್ಟೂಲಿಗೆ ಸೇನೆ ಮುಂದುವರಿಯಿತು. ಎರಡನೆಯ ಮಹಡಿಯವರು ನೀರು ತಂದರು. ಬಟ್ಟೆಯ ಬಕೆಟ್ಟು ಹಿಡಿದು ಇಳಿಯುತ್ತಿದ್ದ ಹೆಂಗಸು ದಾರಿ ಬಿಡಲು ಮತ್ತೆ ಮೇಲೆ ಹತ್ತಿದಳು. ಮೂವತ್ತೆಂಟನೆಯ ಮೆಟ್ಟಿಲಲ್ಲಿ ಬಡಗಿ ಕೂತವನು ಬಹಳ ಹೊತ್ತು ಏಳಲಿಲ್ಲ. ತಲೆ ತಗ್ಗಿಸಿ, ಮೊಣಕೈಗಳನ್ನು ತೊಡೆಯ ಮೇಲೂರಿ, ತುಟಿ ಚೂಪು ಮಾಡಿ ಊದುತ್ತಿದ್ದ. ಇಳಿದು ಹೋಗೋಣವೇ ಎಂದು ಹೆಂಡತಿ ಕೇಳಲಿಲ್ಲ. ಕೇಳಿದ್ದರೆ ಇಳಿದುಬಿಡುತ್ತಿದ್ದನಂತೆ. ಅಷ್ಟು ಕಲಿತಿದ್ದ.

ಹೊರಟ ಒಂದು ಗಂಟೆ ಹತ್ತು ನಿಮಿಷಕ್ಕೆ ಐವತ್ತನಾಲ್ಕನೆಯ ಮೆಟ್ಟಿಲು ಮುಗಿಯಿತು. ಕಹಳೆ ಮೊಳಗಲಿಲ್ಲ. ಯಾರದೋ ಕುಕ್ಕರು ಕೂಗಿತು.

ಕೋಣೆಯಲ್ಲಿ ಔಷಧಿಯ ವಾಸನೆ. ಮಂಚ ಅವನೇ ಮಾಡಿದ್ದು. ಅದರಲ್ಲಿ ಅಕ್ಕ ಎಷ್ಟು ಕುಗ್ಗಿಹೋಗಿದ್ದಳೆಂದರೆ, ಅಳತೆಗೆ ಹೆಸರಾದವನೂ ಒಂದು ಕ್ಷಣ ಹೊದಿಕೆ ಮಾತ್ರ ಇದೆ ಎಂದುಕೊಂಡ. ಕಣ್ಣು ತೆರೆದಿತ್ತು, ಛಾವಣಿ ಕಡೆ ನೆಟ್ಟಿತ್ತು. ಅವನು ಮಂಚದ ಅಂಚಿನಲ್ಲಿ ಕೂತ. ಮಾತಾಡಲು ಉಸಿರಿರಲಿಲ್ಲ. ಕೈ ಹಿಡಿದುಕೊಂಡು ಊದುತ್ತ ಕೂತ. ಮೂಗಲ್ಲಿ ಒಳಗೆ, ತುಟಿಯಲ್ಲಿ ಹೊರಗೆ.

ಅಕ್ಕ ತಲೆ ವಾಲಿಸಿ ಕೇಳಿಸಿಕೊಂಡಳು.

‘ಯಾರದು? ಸಿಳ್ಳೆ ಹಾಕೋಕೆ ನೋಡ್ತಿದೀಯಾ? ಗಾಳಿ ಮಾತ್ರ ಬರ್ತಿದೆ.’ ಬೆರಳುಗಳು ಅವನ ಕೈಯ ಗಂಟುಗಳ ಮೇಲೆ ಮೆಲ್ಲಗೆ ಹರಿದು, ಹಳೆಯ ಉಳಿಯ ಗಾಯವೊಂದರ ಹತ್ತಿರ ನಿಂತವು. ‘ಪುಟ್ಟ? ಎಲ್ಲಿ ಹಾಳಾಗಿ ಹೋಗಿದ್ದೆಯೋ ಇಷ್ಟು ದಿನ? ಎದುರುಮನೆಯಲ್ಲಿದ್ಕೊಂಡು?’

ಬಾಗಿಲಲ್ಲಿ ಕಂಡಕ್ಟರ್ ಮುಖ ಒರೆಸಿಕೊಂಡ. ಹೆಂಡತಿ ಗೋಡೆಗೆ ಒರಗಿದಳು. ಬಡಗಿ ಇನ್ನೂ ಎರಡು ಸಲ ಉಸಿರು ಎಳೆದು ಬಿಟ್ಟ.

‘ಮೆಟ್ಟಿಲ ಮೇಲಿದ್ದೆ ಅಕ್ಕ.’