ಹಂಪಾಪುರಕ್ಕೆ ಸೊನ್ನೆ

ನಮ್ಮ ಸಂಸ್ಥೆಯ ಆ ನಿರ್ದೇಶಕರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ವಯಸ್ಸಾದ ಮೇಲೆ ಎಲ್ಲವನ್ನೂ ಕ್ಷಮಿಸಬೇಕು ಎನ್ನುವವರು ಕ್ಷಮಿಸಿಕೊಳ್ಳಲಿ. ನನ್ನಿಂದಾಗದು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಒಂದು ಕಂಪ್ಯೂಟರ್ ಕೋರ್ಸನ್ನೂ ಮಾಡಿಕೊಂಡು ಕಂಪಲಾಪುರದ ನಮ್ಮ ಮನೆಗೆ ಮರಳಿದ್ದೆ. ಹುಣಸೂರಿನಲ್ಲಿ ಒಂದು ಸೇವಾ ಸಂಸ್ಥೆ ಕಚೇರಿ ತೆರೆದಿತ್ತು; ಅಲ್ಲಿ ಕೆಲಸ ಸಿಕ್ಕಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಊರೂರಿಗೆ ಅವರ ಆಸ್ಪತ್ರೆ ವ್ಯಾನು ವಾರಕ್ಕೊಮ್ಮೆ ಹೋಗುತ್ತಿತ್ತು. ಒಬ್ಬರು ಡಾಕ್ಟರು, ಒಬ್ಬರು ಸಿಸ್ಟರು, ಪುಕ್ಕಟೆ ಮಾತ್ರೆ. ಯಾವ ಊರಿನಲ್ಲಿ ಯಾರು ಬಂದರು, ಯಾವ ಕಾಯಿಲೆಗೆ ಏನು ಕೊಟ್ಟರು ಎಂಬುದನ್ನು ಕಂಪ್ಯೂಟರಿಗೆ ತುಂಬಿಸಿ ತಿಂಗಳ ವರದಿ ತೆಗೆದುಕೊಡುವುದು ನನ್ನ ಕೆಲಸ.

ಮೈಸೂರಿನಲ್ಲಿ ಕೂರುತ್ತಿದ್ದ ನಿರ್ದೇಶಕರಿಗೆ ನಾನು ಕೊಡುವ ವರದಿ ಸಾಲದಾಯಿತು. ತಮಗೆ ಬೇಕಾದಾಗ ತಾವೇ ನೋಡಿಕೊಳ್ಳಬೇಕು ಎಂದರು. ಒಬ್ಬ ಪ್ರೋಗ್ರಾಮರ್ ಬಂದು ಹೊಸ ವರದಿಯೊಂದನ್ನು ಮಾಡಿಕೊಟ್ಟ. ಪರದೆಯ ಮೇಲೆ ಮೂರು ಕಿಂಡಿ: ತಾಲ್ಲೂಕು, ಊರು, ಕಾಯಿಲೆ. ಒಂದೊಂದನ್ನೂ ಒತ್ತಿದರೆ ಒಂದೊಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ, ಬೇಕಾದ್ದನ್ನು ಆರಿಸಿದರೆ ಎಷ್ಟು ರೋಗಿಗಳು, ಯಾರ್ಯಾರು ಎಂದು ಹೇಳುತ್ತದೆ. ನೋಡಲು ಬಣ್ಣಬಣ್ಣವಾಗಿ ಚೆನ್ನಾಗಿಯೇ ಇತ್ತು.

ಆದರೆ ಆ ಮೂರು ಕಿಂಡಿಗಳಲ್ಲಿ ಒಂದರ ಗೊಡವೆ ಇನ್ನೊಂದಕ್ಕೆ ಇರಲಿಲ್ಲ. ಪಿರಿಯಾಪಟ್ಟಣ ಎಂದು ಆರಿಸಿದರೂ ಊರಿನ ಪಟ್ಟಿಯಲ್ಲಿ ನಾಲ್ಕು ತಾಲ್ಲೂಕಿನ ಊರುಗಳೂ ಕಾಣುತ್ತಿದ್ದವು. ಆ ತಾಲ್ಲೂಕಿನ ಕೊಪ್ಪವನ್ನು ನೋಡಿ ಮುಗಿಸಿ, ತಾಲ್ಲೂಕು ಬದಲಾಯಿಸಲು ಮರೆತು ಹಂಪಾಪುರವನ್ನು ಆರಿಸಿದಿರೋ, ಅದು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರವನ್ನು ಪಿರಿಯಾಪಟ್ಟಣದೊಳಗೆ ಹುಡುಕುತ್ತಿತ್ತು. ಅಲ್ಲೆಲ್ಲಿ ಸಿಗಬೇಕು? ಸೊನ್ನೆ ಎನ್ನುತ್ತಿತ್ತು.

ಮೊದಲ ದಿನವೇ ಇದನ್ನು ಹೇಳಿದೆ.

"ಸರ್, ತಾಲ್ಲೂಕು ಆರಿಸಿದ ತಕ್ಷಣ ಊರಿನ ಪಟ್ಟಿ ಅಷ್ಟಕ್ಕೇ ಇಳೀಬೇಕು. ಇಲ್ಲಾಂದ್ರೆ ಇದು ದಾರಿ ತಪ್ಪಿಸುತ್ತೆ."

"ನೋಡ್ಕೊಂಡು ಒತ್ತಿದ್ರಾಯ್ತಮ್ಮ," ಎಂದರು ನಿರ್ದೇಶಕರು. "ಯಾವ ಊರು ಯಾವ ತಾಲ್ಲೂಕು ಅಂತ ಗೊತ್ತಾಗದೇ ಇರೋಷ್ಟು ದಡ್ಡರಾ ನಾವು?"

ಪ್ರೋಗ್ರಾಮರ್ ನನ್ನ ಕಡೆ ಒಮ್ಮೆ ನೋಡಿ ತನ್ನ ಚೀಲ ಎತ್ತಿಕೊಂಡ. ಅವನಿಗೂ ಗೊತ್ತಿತ್ತು. ಆದರೆ ನಿರ್ದೇಶಕರು ಸಾಕು ಎಂದಮೇಲೆ ಅವನ ಕೆಲಸ ಮುಗಿದಿತ್ತು.

ಹೊಗೆಸೊಪ್ಪು ಬೇಯಿಸುವ ಕಾಲ ಶುರುವಾಗಿತ್ತು. ಒಂದು ಬೆಳಿಗ್ಗೆ ಸಿಸ್ಟರು ಮಾತ್ರೆಯ ಡಬ್ಬಿಗಳನ್ನು ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು. ಅವರು ಕೆ.ಆರ್. ನಗರದ ಕಡೆಯವರು, ನಮ್ಮಮ್ಮನ ವಯಸ್ಸು.

"ಹಂಪಾಪುರದ ಕಡೆ ಇನ್ಮೇಲೆ ವ್ಯಾನು ಓಗಂಗಿಲ್ವಂತೆ ಕಣಮ್ಮ. ಅಲ್ಲಿ ಫಿಟ್ಸಿನೋರೂ ಇಲ್ವಂತೆ, ಬಿ.ಪಿ.ಯೋರೂ ಇಲ್ವಂತೆ."

"ಯಾರು ಹೇಳಿದ್ದು?"

"ನಿನ್ ಕಂಪ್ಯೂಟ್ರೇ ಏಳ್ತಂತೆ. ಓದ್ ವಾರ ನಾನೇ ಸಾಲಾಗಿ ನಿಲ್ಸಿ ಮಾತ್ರೆ ಕೊಟ್ಟು ಬಂದೀನಿ. ಅವರೆಲ್ಲ ಯಾರು ಅಂಗಾರೆ, ದೆವ್ವಗಳಾ?"

ನಾನು ಅವರೆದುರೇ ಹಂಪಾಪುರವನ್ನು ಸರಿಯಾಗಿ ಆರಿಸಿ ತೋರಿಸಿದೆ. ಪರದೆಯ ತುಂಬ ಹೆಸರುಗಳು ಬಂದವು. ಆಮೇಲೆ ಮೈಸೂರಿಗೆ ಫೋನ್ ಮಾಡಿದೆ. ಸರ್, ನೀವು ನೋಡುವಾಗ ತಾಲ್ಲೂಕಿನ ಕಿಂಡಿ ಹಿಂದಿನದರಲ್ಲೇ ನಿಂತಿದೆ, ಆ ಸೊನ್ನೆ ಸುಳ್ಳು ಎಂದೆ.

"ಟ್ರಸ್ಟಿಗಳ ಮುಂದೆ ಇಟ್ಟು ತೀರ್ಮಾನ ಆಗೋಗಿದೆಯಮ್ಮ," ಎಂದರು. "ಈಗ ತಪ್ಪು ಅಂದ್ರೆ ನನ್ನ ಮುಖ ಎಲ್ಲಿಡಲಿ? ಮುಂದಿನ ಮೀಟಿಂಗಲ್ಲಿ ನೋಡೋಣ."

ಮುಖವಂತೆ! ಫೋನಿಟ್ಟುಬಿಟ್ಟರು. ಮತ್ತೆ ಮಾಡಿದೆ, ಅವರು ಎತ್ತಲಿಲ್ಲ. ಸರಿಯಾದ ವರದಿಯನ್ನು ಅಂಚೆಗೆ ಹಾಕಿದೆ, ಉತ್ತರವಿಲ್ಲ. ಡಾಕ್ಟರನ್ನು ಕೇಳಿದರೆ, "ರೂಟ್ ಹಾಕೋದು ಅವರು, ನಾನೇನು ಮಾಡ್ಲಿ" ಎಂದುಬಿಟ್ಟರು. ವ್ಯಾನು ಬರುವುದಿಲ್ಲ ಎಂದು ಆ ಊರುಗಳವರಿಗೆ ಒಂದು ಮಾತು ಹೇಳಿಕಳಿಸುವ ಸೌಜನ್ಯವೂ ಯಾರಿಗೂ ಇರಲಿಲ್ಲ.

ಹಂಪಾಪುರದ ಪಕ್ಕದ ಹಳ್ಳಿಯಿಂದ ವ್ಯಾನಿಗೆ ಬಂದು ಫಿಟ್ಸಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬಳಿದ್ದಳು. ನನ್ನದೇ ವಯಸ್ಸು, ಎರಡು ಮಕ್ಕಳ ತಾಯಿ. ಮಾತ್ರೆ ಹತ್ತಿದ ಮೇಲೆ ವರ್ಷದಿಂದ ಅವಳು ಒಮ್ಮೆಯೂ ಬಿದ್ದಿರಲಿಲ್ಲ. ಮಾತ್ರೆ ಮುಗಿದು ಕೆಲವು ವಾರಗಳಾದ ಮೇಲೆ, ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಬ್ಯಾರನ್ ಮನೆಯ ಒಲೆಗೆ ಸೌದೆ ನೂಕುತ್ತಿದ್ದವಳು ಹಾಗೇ ಮುಂದಕ್ಕೆ ಬಿದ್ದಳು. ಬಲಗೈ ಒಲೆಯ ಬಾಯಿಯೊಳಗೆ ಹೋಗಿತ್ತು.

ಸುದ್ದಿ ತಿಳಿದು ಸಿಸ್ಟರೂ ನಾನೂ ಬಸ್ಸು ಹತ್ತಿ ಹೋದೆವು. ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಕರೆತಂದಿದ್ದರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಅತ್ತೆ ನಮಗೆ ಚಾಪೆ ಹಾಸಿ, ಸಿಸ್ಟರ ಮುಖವನ್ನೇ ನೋಡಿದರು.

"ವಾರ ವಾರ ದಾರಿ ಕಾದ್ವಿ ಕಣವ್ವ. ಇವತ್ತು ಬತ್ತದೆ, ನಾಳಿಕ್ ಬತ್ತದೆ ಅಂತ. ಬರಾಕಿಲ್ಲ ಅಂದಿದ್ರೆ ನನ್ ಮಗ ಮೈಸೂರ್‌ಗಾದ್ರೂ ಓಗಿ ತತ್ತಿದ್ದ. ಒಂದ್ ಮಾತು ಏಳಬಾರ್ದಾಗಿತ್ತಾ?"

ಸಿಸ್ಟರು ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಅಳು ಬರಲಿಲ್ಲ. ಮಾರನೆಯ ದಿನ ಮೈಸೂರಿನ ಬಸ್ಸು ಹತ್ತಿದೆ.

ನಿರ್ದೇಶಕರ ಕೋಣೆಗೆ ಕೇಳದೆಯೇ ಹೋದೆ. ಯಾರೋ ಇಬ್ಬರು ಕಾಫಿ ಕುಡಿಯುತ್ತ ಕುಳಿತಿದ್ದರು. ಅವರ ಎದುರೇ ಹೇಳಿದೆ: "ಸರ್, ಕಂಪ್ಯೂಟರಲ್ಲಿ ಹಂಪಾಪುರ ತೆಗೀರಿ."

"ಈಗ ಬೇಡಮ್ಮ, ಹೊರಗೆ ಕೂತ್ಕೋ."

"ಈಗಲೇ ತೆಗೀರಿ. ನೀವು ಇಲ್ಲ ಅಂದ ಹೆಂಗಸಿನ ಕೈ ಸುಟ್ಟು ಕರಕಲಾಗಿದೆ. ನಾನು ನೋಡಿ ಬಂದೀನಿ."

ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ನಿರ್ದೇಶಕರ ಬೆರಳು ಮೌಸಿನ ಮೇಲೆ ಅತ್ತಿತ್ತ ಓಡಾಡಿತು. ತಾಲ್ಲೂಕು ಪಿರಿಯಾಪಟ್ಟಣದಲ್ಲೇ ನಿಂತಿತ್ತು; ಹಂಪಾಪುರ ಒತ್ತಿದರು, ಸೊನ್ನೆ. ನಾನು ಬಗ್ಗಿ ತಾಲ್ಲೂಕು ಬದಲಾಯಿಸಿದೆ. ಹೆಸರುಗಳು ಸಾಲಾಗಿ ಬಂದವು, ಅವಳದೂ ಇತ್ತು. ನಿರ್ದೇಶಕರು, "ಟೆಕ್ನಿಕಲ್ ಪ್ರಾಬ್ಲಂ ಆಗಿದೆ" ಎಂದು ಆ ಇಬ್ಬರ ಕಡೆ ತಿರುಗಿ ನಕ್ಕರು. ಆ ನಗುವನ್ನು ನಾನು ಸಾಯುವ ತನಕ ಮರೆಯಲಾರೆ.

ಆ ಇಬ್ಬರಲ್ಲಿ ಒಬ್ಬರು ಟ್ರಸ್ಟಿ ಎಂದು ಆಮೇಲೆ ತಿಳಿಯಿತು. ವ್ಯಾನಿನ ರೂಟು ಮರುದಿನವೇ ಮೊದಲಿನಂತಾಯಿತು. ನಾನೂ ಪ್ರೋಗ್ರಾಮರ್ ಹುಡುಗನೂ ವರದಿಯನ್ನು ಬಿಚ್ಚಿ ಕೂತೆವು. ತಾಲ್ಲೂಕು ಆರಿಸಿದರೆ ಊರಿನ ಪಟ್ಟಿ ಅಷ್ಟಕ್ಕೆ ಇಳಿಯುವಂತೆ ಮಾಡುವುದು ಸುಲಭವಾಗಿತ್ತು. ಹಿಂದೆ ಆರಿಸಿದ್ದು ಒಳಗೇ ಅಂಟಿಕೊಂಡು ಕೂರುತ್ತಿತ್ತಲ್ಲ, ಅದೇ ಸತಾಯಿಸಿದ್ದು. ಮೇಲಿನ ಕಿಂಡಿ ಬದಲಾದರೆ ಕೆಳಗಿನವೆರಡೂ ಬರಿದಾಗಬೇಕು. ಊರನ್ನೇ ಮೊದಲು ಆರಿಸಿದರೆ ತಾಲ್ಲೂಕು ತಾನಾಗಿ ಬಂದು ಕೂರಬೇಕು. ಒಂದಕ್ಕೊಂದು ಹೊಂದದ್ದನ್ನು ಕೇಳಿದರೆ ಸೊನ್ನೆ ಎನ್ನದೆ, ಹೀಗೆ ಕೇಳಲಾಗದು ಎನ್ನಬೇಕು. ಎಲ್ಲ ಸೇರಿ ಎರಡು ದಿನದ ಕೆಲಸ. ಎರಡೇ ದಿನ! ಹುಡುಗ ಒಂದು ಸಲ ಕೀಬೋರ್ಡಿನಿಂದ ಕೈ ತೆಗೆದು, "ಅವತ್ತು ನೀವು ಹೇಳ್ದಾಗ್ಲೇ ನಾನು ಬಾಯಿ ಬಿಡಬೇಕಿತ್ತು ಮೇಡಂ" ಎಂದ. ಹೌದು, ಬಿಡಬೇಕಿತ್ತು ಎಂದೆ. ಸಮಾಧಾನ ಮಾಡುವ ಮನಸ್ಸು ನನಗಿರಲಿಲ್ಲ.

ಸಂಸ್ಥೆ ಅವಳ ಚಿಕಿತ್ಸೆಯ ಖರ್ಚು ಕೊಟ್ಟಿತು. ನಿರ್ದೇಶಕರು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಆ ವರ್ಷದ ಸಭೆಯಲ್ಲಿ ಹೊಸ ವರದಿಯನ್ನು ತಮ್ಮ ಸಾಧನೆಯೆಂದು ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ಹೊರಗೆ ಬಂದೆ.

ವ್ಯಾನು ಮತ್ತೆ ಹಂಪಾಪುರಕ್ಕೆ ಹೋದ ದಿನ ನಾನೂ ಹೋಗಿದ್ದೆ. ಅವಳು ಅತ್ತೆಯ ಜೊತೆ ನಡೆದು ಬಂದಳು. ಬಲಗೈ ಬೆರಳುಗಳು ಮಡಚಿಕೊಂಡು ಅಂಟಿಹೋಗಿದ್ದವು. ಮಾತ್ರೆಯ ಪೊಟ್ಟಣವನ್ನು ಎಡಗೈಯಲ್ಲಿ ಇಸಿದುಕೊಂಡು ನನ್ನನ್ನು ನೋಡಿದಳು.

"ಇನ್ನೊಂದ್ ಸಲ ನಿಲ್ಸೋದಾದ್ರೆ ಮುಂಚೆ ಏಳ್ತೀರಾ ಅಕ್ಕ?" ಎಂದಳು.

ಹೇಳುತ್ತೇನೆ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಸೆರಗಿನ ತುದಿಗೆ ಪೊಟ್ಟಣವನ್ನು ಗಂಟು ಹಾಕಿಸಿಕೊಳ್ಳಲು ಅತ್ತೆಯ ಕಡೆ ತಿರುಗಿದಳು.